ದೇವರ ಮೇಲೆ ಭಾರ ಹಾಕುವುದು ಹೇಗೆ? ದಿನನಿತ್ಯದ ಕ್ರೈಸ್ತ ಬದುಕಿಗೆ ಕೆಲವು ಹೆಜ್ಜೆಗಳು

"ದೇವರ ಮೇಲೆ ಭಾರ ಹಾಕಿ, ಎಲ್ಲ ಸರಿಹೋಗುತ್ತೆ" ಎಂದು ಸಭೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಹೇಳುವವರ ಪ್ರೀತಿಯಲ್ಲಿ ಅನುಮಾನವಿಲ್ಲ. ಆದರೆ ಕೇಳಿಸಿಕೊಂಡವರು ಮನೆಗೆ ಹೋಗಿ ಒಬ್ಬರೇ ಕೂತಾಗ ಒಂದು ಪ್ರಶ್ನೆ ಉಳಿದೇ ಇರುತ್ತದೆ. ಸರಿ, ಹಾಕುವುದು ಹೇಗೆ? ಭಾನುವಾರ ಕಣ್ಣು ಮುಚ್ಚಿ ಹಾಡಿದ ಮಾತು ಸೋಮವಾರ ಕೆಲಸ, ಸಾಲ, ಮಕ್ಕಳು, ಕಾಯಿಲೆಗಳ ನಡುವೆ ಯಾವ ರೂಪದಲ್ಲಿ ಬರಬೇಕು?

ಯೇಸು ಸ್ವಾಮಿಯನ್ನು ನಂಬಿದವರಿಗೆ, ನಂಬಿದ್ದೂ ದಿನದ ಗಡಿಬಿಡಿಯಲ್ಲಿ ಅದು ಕೈಗೆ ಸಿಗುತ್ತಿಲ್ಲ ಅನ್ನಿಸುವವರಿಗೆ ಇದನ್ನು ಬರೆಯುತ್ತಿದ್ದೇನೆ. ನೀವು ಯಾವ ಸಭೆಯವರಾದರೂ ಇದನ್ನು ಮಾಡಬಹುದು. ಒಂದೇ ವಾರದಲ್ಲಿ ಎಲ್ಲವನ್ನೂ ಶುರುಮಾಡಬೇಡಿ. ಮೊದಲ ಎರಡು ಹೆಜ್ಜೆ ರೂಢಿಯಾಗಲಿ, ಉಳಿದದ್ದು ಆಮೇಲೆ.

ಹೊರಡುವ ಮುಂಚೆ: ಒಂದು ದಿನದ ಪಾಲು ಸಾಕು

ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಮುಂದಿನ ಹತ್ತು ವರ್ಷಕ್ಕೆ ಸಾಲುವಷ್ಟು ನಂಬಿಕೆ. ಅದು ಸಿಗದಿದ್ದಾಗ "ನನಗೆ ವಿಶ್ವಾಸವೇ ಇಲ್ಲ" ಎಂದು ಕೊರಗುತ್ತೇವೆ. ಬೈಬಲ್‌ನಲ್ಲಿ ದೇವರು ಹಾಗೆ ಕೊಟ್ಟಿದ್ದು ಕಾಣುವುದಿಲ್ಲ. ವಿಮೋಚನಕಾಂಡ 16ನೇ ಅಧ್ಯಾಯ ಓದಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಬಂದ ಆಹಾರವಾದ ಮನ್ನ ಬಿದ್ದದ್ದು ದಿನಕ್ಕೊಂದು ಪಾಲಿನಂತೆ, ತಲೆಗೆ ಒಂದು ಓಮೆರ್ (ಆಗಿನ ಒಂದು ಅಳತೆ). ನಾಳೆಗಿರಲಿ ಎಂದು ಎತ್ತಿಟ್ಟವರ ಪಾತ್ರೆಯಲ್ಲಿ ಹುಳ ಬಿತ್ತು, ನಾತ ಹೊಡೆಯಿತು. ಆರನೆಯ ದಿನ ಮಾತ್ರ ಎರಡು ಪಾಲು, ಯಾಕೆಂದರೆ ಮರುದಿನ ಸಬ್ಬತ್, ವಿಶ್ರಾಂತಿಯ ದಿನ. ಹೀಗೆ 40 ವರ್ಷ.

ಯೇಸು ಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ಅನುದಿನದ ಆಹಾರವನ್ನು ಕೇಳುವುದು ಇವತ್ತಿಗೆ. ನಾಳೆಯ ಚಿಂತೆ ನಾಳೆಗಿರಲಿ, ಆ ದಿನದ ಪಾಡು ಆ ದಿನಕ್ಕೆ ಸಾಕು ಎಂದು ಅವರೇ ಹೇಳಿದ್ದು ಮತ್ತಾಯ 6:34ರಲ್ಲಿದೆ. ಹಾಗಾಗಿ ಭಯ ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಭಯ ಇವತ್ತಿನದಾ, ಮುಂದಿನ ವರ್ಷದ್ದಾ? ಮುಂದಿನ ವರ್ಷದ್ದಾದರೆ ಅದನ್ನು ಎದುರಿಸುವ ಶಕ್ತಿ ಇವತ್ತು ನಿಮ್ಮಲ್ಲಿ ಇಲ್ಲದಿರುವುದು ಸಹಜ. ಆ ದಿನ ಬಂದಾಗ ಆ ದಿನದ ಪಾಲೂ ಬರುತ್ತದೆ. ನಂಬಿಕೆ ಕಡಿಮೆಯಾಗಿದೆ ಎಂದು ನಾವು ಅಂದುಕೊಳ್ಳುವ ಎಷ್ಟೋ ಸಲ ಅಸಲಿಗೆ ಆಗಿರುವುದು ಇಷ್ಟೇ, ನಾಳೆಯ ಪಾಲನ್ನು ಇವತ್ತೇ ಹುಡುಕಿ ಸುಸ್ತಾಗಿರುತ್ತೇವೆ.

ಮುಂದಿನ ಹೆಜ್ಜೆಗಳೆಲ್ಲ ಈ ಅಳತೆಯಲ್ಲೇ ಇವೆ.

ಹೆಜ್ಜೆ 1: ಚಿಂತೆಯನ್ನು ಬರೆದು ಎರಡು ಭಾಗ ಮಾಡಿ

"ಮನಸ್ಸಿಗೆ ಸಮಾಧಾನ ಕೊಡು ಕರ್ತನೇ" ಎನ್ನುವುದು ಒಳ್ಳೆಯ ಪ್ರಾರ್ಥನೆಯೇ. ಆದರೆ ಯಾವುದರಿಂದ ಸಮಾಧಾನ ಹೋಗಿದೆ ಎಂಬುದನ್ನು ನಾವೇ ಸರಿಯಾಗಿ ನೋಡಿರುವುದಿಲ್ಲ. ಅದಕ್ಕೆ ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಎಡಗಡೆ "ನನ್ನ ಕೈಯಲ್ಲಿರುವುದು", ಬಲಗಡೆ "ದೇವರ ಕೈಯಲ್ಲಿರುವುದು".

ಅಪ್ಪನ ಸ್ಕ್ಯಾನ್ ರಿಪೋರ್ಟ್ ಶುಕ್ರವಾರ ಬರಬೇಕು, ಇವತ್ತು ಮಂಗಳವಾರ ಎಂದುಕೊಳ್ಳಿ. ಎಡಗಡೆ ಏನು ಬರುತ್ತದೆ? ಹಳೆಯ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಫೈಲಿಗೆ ಹಾಕುವುದು. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಡುವುದು. ಶುಕ್ರವಾರಕ್ಕೆ ರಜೆ ಹೇಳುವುದು. ಅಪ್ಪನಿಗೆ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುವುದು. ತಮ್ಮನಿಗೆ ಫೋನ್ ಮಾಡಿ ವಿಷಯ ತಿಳಿಸುವುದು. ಬಲಗಡೆ? ರಿಪೋರ್ಟಿನಲ್ಲಿ ಏನಿದೆ ಎಂಬುದು. ರಾತ್ರಿ ಅಪ್ಪ ಯಾರಿಗೂ ಹೇಳದೆ ಒಳಗೊಳಗೇ ಪಡುವ ಭಯ. ಮುಂದೆ ಎಷ್ಟು ದಿನ, ಎಷ್ಟು ಖರ್ಚು.

ಎಡಗಡೆಯದ್ದು ಇವತ್ತಿನ ಕೆಲಸ. ಅದನ್ನು ಮಾಡಿ. ಬಲಗಡೆಯದ್ದು ಇವತ್ತಿನ ಪ್ರಾರ್ಥನೆ. ಒಂದೊಂದು ಸಾಲನ್ನೂ ಬಾಯಿಬಿಟ್ಟು ದೇವರ ಮುಂದೆ ಓದಿ. "ಕರ್ತನೇ, ಈ ರಿಪೋರ್ಟ್ ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಅಪ್ಪನ ಭಯ ನನ್ನಿಂದ ತೆಗೆಯೋಕೆ ಆಗಲ್ಲ, ನೀನು ಅವರ ಪಕ್ಕದಲ್ಲಿರು." ಇಷ್ಟು ಸಾಕು. ದೊಡ್ಡ ಮಾತು ಬೇಕಾಗಿಲ್ಲ.

ಕೆಲವರಿಗೆ ಎಡಗಡೆಯ ಪಟ್ಟಿಯೇ ಅವಿಶ್ವಾಸದಂತೆ ಕಾಣುತ್ತದೆ. ದೇವರನ್ನು ನಂಬಿದ ಮೇಲೆ ಇಷ್ಟೆಲ್ಲ ಓಡಾಟ ಯಾಕೆ ಅನ್ನುತ್ತಾರೆ. ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳ ಬೆದರಿಕೆ ಬಂದಿತು. ಆಗ ಆ ಕೆಲಸ ನಡೆಸುತ್ತಿದ್ದ ನೆಹೆಮೀಯ ಏನು ಮಾಡಿದ? ನೆಹೆಮೀಯ 4:9ರ ಪ್ರಕಾರ ಅವರು ದೇವರಿಗೆ ಪ್ರಾರ್ಥನೆಯನ್ನೂ ಮಾಡಿದರು, ಹಗಲೂರಾತ್ರಿ ಕಾವಲನ್ನೂ ಇಟ್ಟರು. ಎರಡೂ ಒಂದೇ ವಾಕ್ಯದಲ್ಲಿವೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳ ಮನೆಗಳನ್ನು ನಡೆಸಿದ ಜಾರ್ಜ್ ಮುಲ್ಲರ್ (1805–1898) ಇನ್ನೊಂದು ಸಾಕ್ಷಿ. 1836ರಲ್ಲಿ ಮೊದಲ ಮನೆ ತೆರೆದರು. ಅವರ ಜೀವಮಾನದಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಅಲ್ಲಿ ಬೆಳೆದರು. ಹಣಕ್ಕಾಗಿ ಜನರ ಮುಂದೆ ಕೈಚಾಚದೆ ದೇವರನ್ನೇ ಕೇಳುವುದು ಅವರ ನಿರ್ಧಾರವಾಗಿತ್ತು. ಅದೇ ಮನುಷ್ಯ ಬಂದ ಹಣಕ್ಕೂ ಖರ್ಚಿಗೂ ಅಚ್ಚುಕಟ್ಟಾಗಿ ಲೆಕ್ಕ ಇಟ್ಟು ಅದನ್ನು ಪ್ರಕಟಿಸುತ್ತಿದ್ದರು. ಮಂಡಿಯೂರಿ ಪ್ರಾರ್ಥಿಸಿದವರೇ ಲೆಕ್ಕದ ಪುಸ್ತಕವನ್ನೂ ಬರೆದರು.

ಒಂದು ಗಂಟೆಯಲ್ಲಿ ಅದೇ ಚಿಂತೆ ವಾಪಸ್ ಬರುತ್ತದೆ. ಬರಲಿ. ಪ್ರಾರ್ಥನೆ ಫಲಿಸಲಿಲ್ಲ ಎಂದು ಅದರ ಅರ್ಥವಲ್ಲ. ಅದೇ ಸಾಲನ್ನು ಮತ್ತೆ ದೇವರ ಮುಂದಿಡಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿಯೇ ಮೂರು ಸಲ ಅದೇ ಪ್ರಾರ್ಥನೆ ಮಾಡಿದರು. ನಮಗೆ ಮೂವತ್ತು ಸಲ ಬೇಕಾದರೆ ನಾಚಿಕೆ ಯಾಕೆ?

ಹೆಜ್ಜೆ 2: ಫೋನಿಗಿಂತ ಮೊದಲು ವಾಕ್ಯ

ಬೆಳಿಗ್ಗೆ ಎದ್ದ ತಕ್ಷಣ ಕೈ ಫೋನಿನ ಕಡೆಗೇ ಹೋಗುತ್ತದೆ, ಅಲ್ವಾ? ನಾಲ್ಕು ಮೆಸೇಜ್, ಎರಡು ಕೆಟ್ಟ ಸುದ್ದಿ ನೋಡಿಬಿಟ್ಟರೆ ಮನಸ್ಸು ಆಗಲೇ ಓಡತೊಡಗಿರುತ್ತದೆ. ಅದಕ್ಕೂ ಮೊದಲು ಹತ್ತು ನಿಮಿಷ ದೇವರಿಗೆ ಕೊಡಿ. ಫೋನಿನಲ್ಲೇ ಬೈಬಲ್ ಓದುವವರು ಈ ಹತ್ತು ನಿಮಿಷಕ್ಕಾದರೂ ಅಚ್ಚಾದ ಪುಸ್ತಕ ಹಿಡಿಯುವುದು ಒಳ್ಳೆಯದು. ನೋಟಿಫಿಕೇಶನ್ ಒಂದು ಬಂದರೆ ಸಾಕು, ಓದು ಅಲ್ಲಿಗೇ ಮುಗಿಯಿತು.

ಎಲ್ಲಿಂದ ಶುರು? ಮಾರ್ಕನ ಸುವಾರ್ತೆ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಸಾಕು. ಜೊತೆಗೆ ಒಂದು ಕೀರ್ತನೆ. ಓದಿದ ಮೇಲೆ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ದೇವರು ಎಂಥವರು ಎಂದು ಕಾಣುತ್ತದೆ? ಇವತ್ತು ನಾನು ಮಾಡಬೇಕಾದದ್ದು ಇದರಲ್ಲಿ ಏನಾದರೂ ಇದೆಯಾ? ಎರಡನೆಯದಕ್ಕೆ ಕೆಲವು ದಿನ ಉತ್ತರ ಇರುವುದಿಲ್ಲ, ಪರವಾಗಿಲ್ಲ.

ಇಲ್ಲಿ ಒಂದು ವಿಷಯ ಸ್ವಲ್ಪ ಒತ್ತಿ ಹೇಳಬೇಕು. ವಾಗ್ದಾನದ ವಾಕ್ಯಗಳನ್ನು ಬಿಡಿಬಿಡಿಯಾಗಿ ಕಿತ್ತುಕೊಂಡು ಓದಬೇಡಿ. ಯೆರೆಮೀಯ 29:11 ಎಷ್ಟು ಜನರ ಗೋಡೆಯ ಮೇಲಿದೆ! ನಿಮ್ಮ ಕುರಿತು ನನಗಿರುವುದು ಹಿತದ ಯೋಚನೆ ಎಂದು ದೇವರು ಹೇಳುವ ಆ ಮಾತು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದಲ್ಲಿದೆ. ಅದರ ಹಿಂದಿನ ವಚನದಲ್ಲೇ 70 ವರ್ಷ ತುಂಬಬೇಕು ಎಂದಿದೆ. ಅಲ್ಲಿಯವರೆಗೆ ಏನು ಮಾಡಬೇಕು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಹೀಗೆ ಪೂರ್ತಿ ಓದಿದಾಗ ವಾಗ್ದಾನ ಚಿಕ್ಕದಾಗುವುದಿಲ್ಲ. ಮುಂದಿನ ತಿಂಗಳು ಕೆಲಸ ಸಿಗದಿದ್ದರೂ ಅಲುಗಾಡದಷ್ಟು ಗಟ್ಟಿಯಾಗುತ್ತದೆ. ಫಿಲಿಪ್ಪಿ 4:13 ಕೂಡ ಹಾಗೆಯೇ. ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ ಎಂದು ಪೌಲ ಬರೆದದ್ದು ಸೆರೆಯಲ್ಲಿದ್ದಾಗ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಸಂತೃಪ್ತನಾಗಿರಲು ಕಲಿತಿದ್ದೇನೆ ಎಂದು ಹೇಳಿದ ಮೇಲೆ ಆ ಮಾತು ಬರುತ್ತದೆ.

ಹೆಜ್ಜೆ 3: ಕೆಲಸದ ನಡುವೆ ಚಿಕ್ಕ ಪ್ರಾರ್ಥನೆ

ಪ್ರಾರ್ಥನೆಗೆ ಸಮಯವಿಲ್ಲ ಎನ್ನುವವರಿಗೆ ಮತ್ತೆ ನೆಹೆಮೀಯನನ್ನೇ ತೋರಿಸುತ್ತೇನೆ. ಅರಸ "ನಿನಗೇನು ಬೇಕು" ಎಂದು ಕೇಳಿದಾಗ ಅವನು ಅಲ್ಲೇ ನಿಂತು ಪರಲೋಕದ ದೇವರಿಗೆ ಪ್ರಾರ್ಥಿಸಿ ಉತ್ತರ ಕೊಟ್ಟ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಸಿಕ್ಕಷ್ಟೇ ಹೊತ್ತು. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಸಹೋದರ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುವುದನ್ನು ಜೀವನದ ರೂಢಿ ಮಾಡಿಕೊಂಡಿದ್ದರು.

ಹೇಗಿದ್ದರೂ ದಿನಾ ಮಾಡುವ ಕೆಲಸಗಳಿಗೆ ಪ್ರಾರ್ಥನೆಯನ್ನು ಜೋಡಿಸಿ. ಬಾಗಿಲಿಗೆ ಬೀಗ ಹಾಕುವಾಗ, ಕಂಪ್ಯೂಟರ್ ಆನ್ ಮಾಡುವಾಗ, ಮಗುವಿಗೆ ಬಟ್ಟೆ ಹಾಕುವಾಗ, ಕಷ್ಟದ ಫೋನ್ ಎತ್ತುವ ಮೊದಲು. "ಕರ್ತನೇ, ಸಹಾಯ ಮಾಡು", "ಸ್ತೋತ್ರ ಸ್ವಾಮಿ", "ನನ್ನ ಬಾಯಿಗೆ ಕಾವಲಿಡು". ಒಂದು ಉಸಿರಿನಷ್ಟು ಮಾತು.

ಹೆಜ್ಜೆ 4: ಮುಂದಿರುವ ಚಿಕ್ಕ ವಿಷಯದಲ್ಲಿ ವಿಧೇಯರಾಗಿ

ನಂಬಿಕೆ ಒಳಗೇ ಇರುವ ಭಾವನೆಯಲ್ಲ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬ ಬರೆದಿದ್ದಾನೆ. ಹೊಟ್ಟೆಗಿಲ್ಲದವರಿಗೆ "ಸಮಾಧಾನದಿಂದ ಹೋಗಿ, ಹೊಟ್ಟೆ ತುಂಬಿಸಿಕೊಳ್ಳಿ" ಎಂದು ಬರಿ ಬಾಯಿಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಎಂದು ಕೇಳುತ್ತಾನೆ. ನಾವು ದೇವರನ್ನು ನಂಬುತ್ತೇವೋ ಇಲ್ಲವೋ ಎಂಬುದು ಹೆಚ್ಚಾಗಿ ಗೊತ್ತಾಗುವುದು ದುಡ್ಡು, ಮಾತು, ಜಗಳ ಈ ಮೂರರಲ್ಲೇ.

ಆಫೀಸಿನಲ್ಲಿ ಮೇಲಿನವರು ಬಂದು "ಹಳೇ ತಾರೀಖು ಹಾಕಿ ಒಂದು ಬಿಲ್ ಮಾಡಿಕೊಡಿ, ಎಲ್ಲರೂ ಮಾಡೋದೇ" ಎನ್ನುತ್ತಾರೆ. ಆ ಗಳಿಗೆಯಲ್ಲಿ ಉಪದೇಶ ಬೇಡ. ಮುಖ ಗಂಟಿಕ್ಕುವುದೂ ಬೇಡ. "ಸರ್, ಇವತ್ತಿನ ತಾರೀಖು ಹಾಕಿ ಈಗಲೇ ಕೊಡ್ತೀನಿ. ಹಳೇ ತಾರೀಖು ಹಾಕೋಕೆ ನನ್ನಿಂದ ಆಗಲ್ಲ, ಬೇಜಾರು ಮಾಡ್ಕೋಬೇಡಿ." ಇಷ್ಟೇ. ಅವರು ಸಿಟ್ಟಾಗಬಹುದು. ಬಡ್ತಿ ತಪ್ಪಲೂಬಹುದು. ಸತ್ಯ ಹೇಳಿದರೆ ನಷ್ಟವೇ ಆಗುವುದಿಲ್ಲ ಎಂದು ನಾನು ಹೇಳಲಾರೆ, ಬೈಬಲ್ ಕೂಡ ಹಾಗೆ ಹೇಳುವುದಿಲ್ಲ. ಆ ನಷ್ಟವನ್ನು ದೇವರ ಕೈಯಲ್ಲಿ ಬಿಟ್ಟು ಸರಿಯಾದದ್ದನ್ನು ಮಾಡುವುದೇ ಆ ದಿನದ ನಂಬಿಕೆ. ಇಂಥ ಮಾತುಗಳನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಹುಡುಕಿದರೆ ನಾಲಿಗೆಗೆ ಬರುವುದಿಲ್ಲ.

ದುಡ್ಡಿನ ವಿಷಯದಲ್ಲಿ ಸುಂಕ ವಸೂಲಿಯ ಜಕ್ಕಾಯನನ್ನು ನೋಡಿ. ಯೇಸು ಸ್ವಾಮಿ ಅವನ ಮನೆಗೆ ಬಂದ ದಿನ ಅವನು ಹಾಡಿದ ಎಂದು ಬರೆದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದು ನಾಲ್ಕರಷ್ಟು ವಾಪಸ್ ಎಂದ. ನಾವು ಯಾರಿಗಾದರೂ ಕೊಡಬೇಕಾದದ್ದು ಬಾಕಿ ಇದೆಯಾ? ಮನೆಕೆಲಸದವರ ಸಂಬಳ ತಡವಾಗುತ್ತಿದೆಯಾ? ಅಲ್ಲಿಂದ ಶುರುಮಾಡಬಹುದು.

ಇನ್ನು ಜಗಳ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಮತ್ತಾಯ 5ರಲ್ಲಿದೆ. ಹೋದಾಗ ಕ್ಷಮೆ ಕೇಳುವ ಮಾತು ಚಿಕ್ಕದಾಗಿರಲಿ. "ನಿನ್ನೆ ನಿನ್ನ ಮೇಲೆ ಕೂಗಾಡಿದ್ದು ತಪ್ಪು. ಕ್ಷಮಿಸು." ಇದರ ಹಿಂದೆ "ಆದರೆ ನೀನೂ..." ಸೇರಿಸಬೇಡಿ. ಅದು ಸೇರಿದ ಕೂಡಲೇ ಎರಡನೇ ಜಗಳ ಶುರು.

ಒಂದು ಎಚ್ಚರಿಕೆ ಇದೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಕ್ಷಮಿಸುವುದು ಎಂದರೆ ಅಲ್ಲೇ ಸಹಿಸಿಕೊಂಡು ಬಿದ್ದಿರುವುದಲ್ಲ. ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ, ಸಹಾಯ ಕೇಳಿ, ಪೊಲೀಸರು ಬೇಕಾದರೆ ಅವರನ್ನೂ ಕರೆಯಿರಿ. "ಪ್ರಾರ್ಥನೆ ಮಾಡಿ ತಾಳಿಕೋ" ಎಂದು ಅಂಥವರಿಗೆ ಹೇಳುವುದು ತಪ್ಪು. ಅದನ್ನು ದೇವರ ಹೆಸರಿನಲ್ಲಿ ಹೇಳುವುದು ಇನ್ನೂ ದೊಡ್ಡ ತಪ್ಪು.

ಹೆಜ್ಜೆ 5: ತೀರ್ಮಾನ ಮಾಡುವಾಗ

ಮದುವೆ, ಕೆಲಸ, ಊರು ಬಿಡುವುದು ಇಂಥ ವಿಷಯ ಬಂದಾಗ ಬೈಬಲನ್ನು ಕಣ್ಣು ಮುಚ್ಚಿ ತೆರೆದು ಬೆರಳಿಟ್ಟ ವಾಕ್ಯವನ್ನೇ ಉತ್ತರ ಎಂದುಕೊಳ್ಳಬೇಡಿ. ಮೊದಲು ನೋಡಬೇಕಾದದ್ದು, ಇದು ದೇವರು ಸ್ಪಷ್ಟವಾಗಿ ಬೇಡ ಎಂದ ವಿಷಯವಾ? ಆಗಿದ್ದರೆ ಪ್ರಾರ್ಥಿಸಿ ಕೇಳುವುದಕ್ಕೂ ಏನಿಲ್ಲ. ಅಲ್ಲದಿದ್ದರೆ ವಿವೇಕ ಕೇಳಿ. ಕೇಳಿದವರಿಗೆ ದೇವರು ಧಾರಾಳವಾಗಿ ಕೊಡುತ್ತಾರೆ ಎಂದು ಯಾಕೋಬ 1:5 ಹೇಳುತ್ತದೆ. ನಿಮ್ಮನ್ನು ಚೆನ್ನಾಗಿ ಬಲ್ಲ, ನಿಮಗೆ ಬೇಡದ್ದನ್ನೂ ಹೇಳುವ ಧೈರ್ಯವಿರುವ ಇಬ್ಬರು ಹಿರಿಯರ ಹತ್ತಿರ ಮಾತಾಡಿ. ಆಮೇಲೆ ತೀರ್ಮಾನ ಮಾಡಿ, ಹೊರಡಿ.

ದಾರಿ ಮುಚ್ಚಿದರೆ ಗಾಬರಿ ಬೇಡ. ಪೌಲ ಮತ್ತು ಜೊತೆಗಾರರು ಆಸ್ಯ ಸೀಮೆಯಲ್ಲಿ ಸುವಾರ್ತೆ ಸಾರಲು ಹೊರಟರು, ಆಗಲಿಲ್ಲ. ಬಿಥೂನ್ಯಕ್ಕೆ ಹೋಗಲು ನೋಡಿದರು, ಅದೂ ಆಗಲಿಲ್ಲ. ತ್ರೋವಕ್ಕೆ ಬಂದ ಮೇಲೆ ರಾತ್ರಿ "ಬಂದು ನಮಗೆ ಸಹಾಯ ಮಾಡು" ಎಂದು ಕರೆಯುವ ಮಕೆದೋನ್ಯದವನೊಬ್ಬನ ದರ್ಶನವಾಯಿತು. ಅಪೊಸ್ತಲರ ಕೃತ್ಯಗಳು 16ರಲ್ಲಿ ಇದನ್ನು ಓದಿ. ಮುಚ್ಚಿದ ಎರಡು ಬಾಗಿಲಿನ ಮುಂದೆ ನಿಂತಾಗಲೂ ಅವರು ದೇವರ ದಾರಿಯಲ್ಲೇ ಇದ್ದರು.

ಹೆಜ್ಜೆ 6: ಉತ್ತರ ಬಾರದ ದಿನಗಳಲ್ಲಿ

ಇದು ಎಲ್ಲಕ್ಕಿಂತ ಕಷ್ಟದ್ದು. ವರ್ಷಗಟ್ಟಲೆ ಕೇಳಿದರೂ ಮಗು ಆಗಲಿಲ್ಲ. ಗಂಡ ಕುಡಿತ ಬಿಡಲಿಲ್ಲ. ಕಾಯಿಲೆ ವಾಸಿಯಾಗಲಿಲ್ಲ. ಇಲ್ಲಿ "ನಿಮ್ಮ ನಂಬಿಕೆ ಕಡಿಮೆ ಇರಬೇಕು" ಎಂದು ಯಾರಾದರೂ ಹೇಳಿದರೆ ಆ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ. ಪೌಲ ಶರೀರದ ಮುಳ್ಳು ಎಂದು ತಾನೇ ಕರೆದ ಬಾಧೆಯನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡ. ಸಿಕ್ಕ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು. ಪೌಲನ ನಂಬಿಕೆ ಕಡಿಮೆಯಿತ್ತಾ?

ಇಂಥ ದಿನಗಳಲ್ಲಿ 13ನೇ ಕೀರ್ತನೆಯನ್ನು ನಿಮ್ಮ ಪ್ರಾರ್ಥನೆ ಮಾಡಿಕೊಳ್ಳಿ. ಆರೇ ವಚನ. ಶುರುವಿನಲ್ಲೇ ನಾಲ್ಕು ಸಲ "ಎಷ್ಟರವರೆಗೆ?" ಎಂದು ದೇವರನ್ನು ಕೇಳುತ್ತದೆ. ನಡುವೆ "ನನ್ನನ್ನು ನೋಡು, ಉತ್ತರ ಕೊಡು" ಎಂಬ ಬೇಡಿಕೆ. ಕೊನೆಯಲ್ಲಿ ನಿನ್ನ ಕೃಪೆಯಲ್ಲಿ ಭರವಸೆ ಇಟ್ಟಿದ್ದೇನೆ ಎಂಬ ಮಾತು. ಹಾಗೆಯೇ ನೀವೂ ಬರೆಯಿರಿ. ಮೊದಲು ದೂರು, ಆಮೇಲೆ ಬೇಡಿಕೆ, ಆಮೇಲೆ ದೇವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಸತ್ಯ. ಮೂರನೆಯದು ಇವತ್ತು ಬಾಯಿಗೆ ಬರದಿದ್ದರೆ 88ನೇ ಕೀರ್ತನೆ ಇದೆ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ದೇವರು ತಮ್ಮ ಗ್ರಂಥದಲ್ಲಿ ಇಟ್ಟುಕೊಂಡಿದ್ದಾರೆ. "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಎಂದು ಅತ್ತ ತಂದೆಯನ್ನು ಯೇಸು ಸ್ವಾಮಿ ಗದರಿಸಿ ಕಳಿಸಲಿಲ್ಲ, ಅವನ ಮಗನನ್ನು ವಾಸಿಮಾಡಿದರು.

ಔಷಧಿಯ ಬಗ್ಗೆಯೂ ನೇರವಾಗಿ ಹೇಳಿಬಿಡುತ್ತೇನೆ. ದೇವರನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಗೂ ಅಷ್ಟೇ, ಫಿಟ್ಸ್‌ಗೂ ಅಷ್ಟೇ, ಖಿನ್ನತೆಗೂ ಅಷ್ಟೇ. ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರಿಯ ವೈದ್ಯ ಎಂದೇ ಕರೆಯುತ್ತಾನೆ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆಯುತ್ತಾನೆ. ಸಾಯಬೇಕು ಅನ್ನಿಸುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಪ್ರವಾದಿ ಎಲೀಯನೂ ಒಂದು ಪೊದೆಯ ಕೆಳಗೆ ಕೂತು ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡಿದ್ದ. ಆಗ ದೇವದೂತ ಬೈಯಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಮುಂದಿನ ಪ್ರಯಾಣ ದೂರವಿದೆ ಎಂದಷ್ಟೇ ಹೇಳಿದ. ಬಳಲಿದವರಿಗೆ ಊಟ, ನಿದ್ದೆ ಕೂಡ ದೇವರ ಕೈಯಿಂದ ಬರುವ ಸಹಾಯವೇ.

ಹೆಜ್ಜೆ 7: ಒಬ್ಬರೇ ಹೊರಬೇಡಿ

ಸಭೆಗೆ ಹೋಗಿ ಕೂತು ಎದ್ದು ಬರುವುದಷ್ಟೇ ಸಾಲದು. ಸಭೆಯಲ್ಲಿ ನಂಬಿಕಸ್ಥರಾದ ಒಬ್ಬರನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ನಿಮ್ಮ ಬಲಗಡೆಯ ಪಟ್ಟಿಯಿಂದ ಒಂದು ಸಾಲನ್ನು ಅವರಿಗೆ ಹೇಳಿ, ಅವರದ್ದನ್ನು ಕೇಳಿ, ಇಬ್ಬರೂ ಪ್ರಾರ್ಥಿಸಿ. ಹೇಳಿದ ಮಾತು ಅಲ್ಲೇ ಉಳಿಯಬೇಕು. "ಪ್ರಾರ್ಥನಾ ವಿಷಯ" ಎಂಬ ಹೆಸರಿನಲ್ಲಿ ಇನ್ನೊಬ್ಬರ ಮನೆಯ ಕಥೆ ಊರೆಲ್ಲ ಸುತ್ತಬಾರದು.

ದುಃಖದಲ್ಲಿರುವವರ ಮನೆಗೆ ನೀವು ಹೋದಾಗ ಮಾತು ಕಡಿಮೆ ಇರಲಿ. ಯೋಬನ ಸ್ನೇಹಿತರು ಏಳು ದಿನ ಸುಮ್ನೆ ಅವನ ಜೊತೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟಿತು.

ಹೆಜ್ಜೆ 8: ಮಲಗುವ ಮುಂಚೆ ದಿನವನ್ನು ಒಪ್ಪಿಸಿ

16ನೇ ಶತಮಾನದ ಲೊಯೊಲಾದ ಇಗ್ನೇಷಿಯಸ್ ದಿನವನ್ನು ದೇವರ ಮುಂದೆ ಹಿಂತಿರುಗಿ ನೋಡುವ ಪ್ರಾರ್ಥನೆಯನ್ನು ಕಲಿಸಿದರು. ಅದನ್ನು ಐದು ನಿಮಿಷಕ್ಕೆ ಇಳಿಸಿಕೊಳ್ಳಬಹುದು. ಇವತ್ತು ಯಾವುದಕ್ಕೆ ಸ್ತೋತ್ರ? ಎಲ್ಲಿ ಎಡವಿದೆ? ಕ್ಷಮೆ ಕೇಳಿ. ನಾಳೆ ಯಾವುದರಲ್ಲಿ ಸಹಾಯ ಬೇಕು? ಅದನ್ನು ಹೇಳಿ, ಮಲಗಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬೇಡಿದ ದಿನ ಒಂದು ಸಾಲು, ಉತ್ತರ ಬಂದ ದಿನ ಅದರ ಪಕ್ಕದಲ್ಲಿ ತಾರೀಖು. ಬೇರೆ ರೀತಿಯ ಉತ್ತರ ಬಂದರೆ ಅದನ್ನೂ ಬರೆಯಿರಿ. ಇಸ್ರಾಯೇಲ್ಯರು ಯೊರ್ದನ್ ದಾಟಿದಾಗ ಹೊಳೆಯ ನಡುವಿನಿಂದ 12 ಕಲ್ಲು ಎತ್ತಿ ತಂದು ನಿಲ್ಲಿಸಿದರು. ಮುಂದೆ ಮಕ್ಕಳು "ಈ ಕಲ್ಲು ಯಾಕೆ" ಎಂದು ಕೇಳಿದಾಗ ಹೇಳುವುದಕ್ಕೆ. ನಮ್ಮ ಮನಸ್ಸು ಕಷ್ಟವನ್ನು ನೆನಪಿಟ್ಟುಕೊಳ್ಳುತ್ತದೆ, ಬಂದ ಸಹಾಯವನ್ನು ಬೇಗ ಮರೆಯುತ್ತದೆ. ಬರೆದಿಟ್ಟರೆ ಮುಂದಿನ ಕಷ್ಟದಲ್ಲಿ ತೆಗೆದು ಓದಬಹುದು.

ಕೆಲವು ದಿನ ಇದೆಲ್ಲ ತಪ್ಪಿಹೋಗುತ್ತದೆ. ಮಗುವಿಗೆ ಜ್ವರ ಬರುತ್ತದೆ, ರಾತ್ರಿ ಪಾಳಿ ಬರುತ್ತದೆ, ಕೆಲವು ಸಲ ಮನಸ್ಸೇ ಬರುವುದಿಲ್ಲ. ಆಗ ಬಿಟ್ಟುಹೋದ ಅಧ್ಯಾಯಗಳನ್ನೆಲ್ಲ ಒಟ್ಟಿಗೆ ಓದಿ ಲೆಕ್ಕ ಸರಿಮಾಡಲು ಹೋಗಬೇಡಿ. ಅವತ್ತಿನ ತಾರೀಖು ಹಾಕಿ, ಅವತ್ತಿನ ಕೀರ್ತನೆ ಓದಿ, ಹೊಸ ಹಾಳೆಯ ನಡುವೆ ಗೆರೆ ಎಳೆದು ಎಡಗಡೆಯ ಮೊದಲ ಸಾಲಿನಿಂದ ಶುರುಮಾಡಿ.